ಲಡಾಖಿಗೆ ಒಂದು ವಾರ: ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋದನ್ನ ಮೊದಲು ಬರೆದುಕೊಳ್ಳಿ

ಮಾರ್ಚ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ಒಂದು ವಾರ ರಜೆ ಸಿಕ್ಕಿದೆ, ಲಡಾಖ್ ನೋಡಬೇಕು. ಹೇಗೆ ಹೋಗೋದು?" ಕೇಳುವವರ ಫೋನಿನಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಮೊದಲ ದಿನ ಲೇಹ್, ಎರಡನೇ ದಿನವೇ ಪ್ಯಾಂಗಾಂಗ್, ಆಮೇಲೆ ನುಬ್ರಾ, ತ್ಸೊ ಮೊರಿರಿ, ಹಾನ್ಲೆ, ನಡುವೆ ಐದಾರು ಗೊಂಪಾ. ಕಿಲೋಮೀಟರ್ ಲೆಕ್ಕದಲ್ಲಿ ಇದೆಲ್ಲ ಆಗುತ್ತದೆ. ದೇಹದ ಲೆಕ್ಕದಲ್ಲಿ ಆಗುವುದಿಲ್ಲ.

ಲಡಾಖಿನಲ್ಲಿ ದೂರಕ್ಕಿಂತ ಎತ್ತರ ಮುಖ್ಯ. ಹಗಲು ಎಷ್ಟು ಎತ್ತರಕ್ಕೆ ಹತ್ತಿ ಇಳಿದಿರಿ ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಅನ್ನುವುದು ಇನ್ನೂ ಮುಖ್ಯ. ಕೆಳಗಿನ ಪ್ಲಾನ್ ಪೂರ್ತಿ ಈ ಲೆಕ್ಕದ ಮೇಲೇ ನಿಂತಿದೆ.

ಮೊದಲು ನಾಲ್ಕು ಪದ ಕಲಿತುಬಿಡಿ, ಬೋರ್ಡುಗಳು ಅರ್ಥವಾಗುತ್ತವೆ. 'ಲಾ' ಅಂದರೆ ಕಣಿವೆಯಿಂದ ಕಣಿವೆಗೆ ದಾಟುವ ಘಾಟಿ. 'ತ್ಸೊ' ಅಂದರೆ ಸರೋವರ. 'ಗೊಂಪಾ' ಅಂದರೆ ಬೌದ್ಧ ಮಠ. 'ಜುಲೇ' ಅಂದರೆ ನಮಸ್ಕಾರ, ಧನ್ಯವಾದ, ಹೋಗಿಬರ್ತೀನಿ, ಎಲ್ಲವೂ.

ಹಂತ 1: ತಿಂಗಳು ಮತ್ತು ದಾರಿ ಆರಿಸಿಕೊಳ್ಳಿ

ಮೊದಲ ಸಲ ಹೋಗುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಸಮಯ. ಜುಲೈ, ಆಗಸ್ಟಿನಲ್ಲಿ ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್. ಆಕಾಶ ತಿಳಿಯಾಗಿರುತ್ತದೆ, ಹೊಳೆಗಳ ರಭಸ ಇಳಿದಿರುತ್ತದೆ, ರಾತ್ರಿ ಚಳಿ ಮಾತ್ರ ಸ್ವಲ್ಪ ಹೆಚ್ಚು.

ರಸ್ತೆ ಮೂಲಕ ಹೋದರೆ ಮನಾಲಿಯಿಂದ ಅಥವಾ ಶ್ರೀನಗರದಿಂದ ನಾನೂರು ಚಿಲ್ಲರೆ ಕಿಲೋಮೀಟರ್. ಶ್ರೀನಗರ, ಕಾರ್ಗಿಲ್ ದಾರಿಯಲ್ಲಿ ಎತ್ತರ ನಿಧಾನಕ್ಕೆ ಏರುವುದರಿಂದ ದೇಹಕ್ಕೆ ಅದೇ ವಾಸಿ. ಆದರೆ ಹೋಗಲು ಎರಡು ದಿನ, ಬರಲು ಎರಡು ದಿನ ಬೇಕು. ವಾರದಲ್ಲಿ ಉಳಿಯುವುದು ಮೂರೇ ದಿನ. ಹಾಗಾಗಿ ಒಂದು ವಾರದವರು ವಿಮಾನದಲ್ಲೇ ಹೋಗಿ.

ಬೆಂಗಳೂರಿನವರಿಗೆ ಒಂದು ಉಪಾಯ. ಶುಕ್ರವಾರ ರಾತ್ರಿ ಹೊರಟು ದೆಹಲಿ ತಲುಪಿ, ಶನಿವಾರ ಬೆಳಿಗ್ಗೆಯ ವಿಮಾನಕ್ಕೆ ಲೇಹ್‌ಗೆ ಹೋಗಿ. ಮುಂದಿನ ಶನಿವಾರ ಬೆಳಿಗ್ಗೆ ವಾಪಸ್ ಹೊರಡಿ. ಪೂರ್ತಿ ಏಳು ದಿನ ಅಲ್ಲಿರುತ್ತೀರಿ, ಖರ್ಚಾಗುವ ರಜೆ ಐದೇ ದಿನ. ಭಾನುವಾರ ಕೈಯಲ್ಲಿ ಉಳಿಯುತ್ತದೆ, ಅದನ್ನು ಉಳಿಸಿಯೇ ಇಟ್ಟುಕೊಳ್ಳಿ. ಲೇಹ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗುತ್ತದೆ. ಅದಕ್ಕೇ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಹಾರುತ್ತವೆ, ಮೋಡ ಕವಿದರೆ ರದ್ದಾಗುತ್ತವೆ. ಸೋಮವಾರ ಬೆಳಿಗ್ಗೆ ಮೀಟಿಂಗ್ ಇಟ್ಟುಕೊಂಡು ಭಾನುವಾರದ ವಿಮಾನ ನಂಬಬೇಡಿ.

ಹಂತ 2: ಡಾಕ್ಟರ ಹತ್ತಿರ ಒಂದು ಸಲ ಹೋಗಿಬನ್ನಿ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲೇಹ್ ಪೇಟೆ ಸುಮಾರು 3,500 ಮೀಟರ್. ದೆಹಲಿಯಿಂದ ಒಂದೂಕಾಲು ಗಂಟೆಯಲ್ಲಿ ನಿಮ್ಮನ್ನು ಅಲ್ಲಿ ಇಳಿಸುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇರುತ್ತದೆ, ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ. ಒಂದೊಂದು ಉಸಿರಿಗೂ ಸಿಗುವುದು ಕಡಿಮೆ.

ಇದರಿಂದ ಬರುವುದೇ ಎತ್ತರದ ಕಾಯಿಲೆ, ಡಾಕ್ಟರುಗಳು ಎಎಂಎಸ್ ಅನ್ನುತ್ತಾರೆ. ತಲೆನೋವು, ವಾಕರಿಕೆ, ಊಟ ಬೇಡ ಅನಿಸುವುದು, ತಲೆ ತಿರುಗುವುದು, ನಿದ್ದೆ ಬಾರದಿರುವುದು. ಇದು ಜಿಮ್‌ಗೆ ಹೋಗುವವರನ್ನೂ ಬಿಡುವುದಿಲ್ಲ. ನಮ್ಮ ಗುಂಪಿನಲ್ಲಿ ಮೊದಲು ಮಲಗಿದವನು ವಾರಕ್ಕೆ ನಾಲ್ಕು ದಿನ ಓಡುವವನು. ನನಗೇನೂ ಆಗಿಲ್ಲ ನೋಡಿ ಅಂತ ಇಳಿದ ದಿನವೇ ಲೇಹ್ ಅರಮನೆಯ ಗುಡ್ಡ ಹತ್ತಿದ್ದ.

ಡಯಾಮಾಕ್ಸ್ ಅನ್ನುವ ಮಾತ್ರೆಯ ಹೆಸರು ಎಲ್ಲರೂ ಹೇಳುತ್ತಾರೆ. ಅದು ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಸಾಮಾನ್ಯವಾಗಿ ಹೊರಡುವ ಹಿಂದಿನ ದಿನದಿಂದ ಶುರು ಮಾಡಲು ಹೇಳುತ್ತಾರೆ. ಆದರೆ ಸಲ್ಫಾ ಔಷಧಿಯ ಅಲರ್ಜಿ ಇರುವವರಿಗೆ ತೊಂದರೆಯಾಗಬಹುದು. ಬೆರಳು ಜುಮುಜುಮು ಅನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಡೋಸ್ ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಲಿ, ಸ್ನೇಹಿತರಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ರಕ್ತಹೀನತೆ ಇರುವವರು, ಗರ್ಭಿಣಿಯರು ಟಿಕೆಟ್ ಬುಕ್ ಮಾಡುವ ಮೊದಲೇ ಕೇಳಿ.

ಹಂತ 3: ಕಾಗದ, ಸಿಮ್, ದುಡ್ಡು, ಗಾಡಿ

ಭಾರತೀಯರಿಗೆ ನುಬ್ರಾ, ಪ್ಯಾಂಗಾಂಗ್ ಕಡೆಗೆ ಮೊದಲು ಇನ್ನರ್ ಲೈನ್ ಪರ್ಮಿಟ್ ಬೇಕಿತ್ತು, ಅಂದರೆ ಗಡಿ ಪ್ರದೇಶಕ್ಕೆ ಹೋಗುವ ಅನುಮತಿ ಪತ್ರ. 2021ರಲ್ಲಿ ಅದನ್ನು ತೆಗೆದರು. ಪರಿಸರ ಶುಲ್ಕ ಮಾತ್ರ ಉಳಿದಿದೆ. ಲೇಹ್ ಆಡಳಿತದ ವೆಬ್‌ಸೈಟಿನಲ್ಲಿ ಕಟ್ಟಿ, ರಸೀದಿಯ ನಾಲ್ಕೈದು ಪ್ರಿಂಟ್ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ಗೆಸ್ಟ್‌ಹೌಸಿನವರೂ ಮಾಡಿಕೊಡುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರು ಇಲ್ಲೇ ಎಡವುವುದು. ನಿಮ್ಮ ಹತ್ತಿರ ಓಸಿಐ ಕಾರ್ಡ್ ಇದ್ದರೆ ಈ ವಿನಾಯಿತಿ ನಿಮಗಿಲ್ಲ. ಲೇಹ್‌ನ ಟ್ರಾವೆಲ್ ಏಜೆಂಟ್ ಮೂಲಕ ಬೇರೆ ಅನುಮತಿ ತೆಗೆಸಬೇಕು. ಮನೆಮಂದಿಯಲ್ಲಿ ಒಬ್ಬರ ಪಾಸ್‌ಪೋರ್ಟ್ ಬೇರೆಯಿದ್ದರೂ ಮೊದಲೇ ತಿಳಿಸಿ. ಚೆಕ್‌ಪೋಸ್ಟಿನಲ್ಲಿ ನಿಂತು ವಾದ ಮಾಡಿ ಪ್ರಯೋಜನವಿಲ್ಲ.

ಸಿಮ್ ಪೋಸ್ಟ್‌ಪೇಡ್ ಇರಲಿ. ನಮ್ಮ ಕಡೆಯ ಪ್ರೀಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಲೇಹ್ ಪೇಟೆಯಲ್ಲಿ ಯುಪಿಐ ಸಲೀಸು, ಪ್ಯಾಂಗಾಂಗ್ ಸರೋವರದ ಕಡೆ ನೆಟ್‌ವರ್ಕ್ ಅನ್ನುವುದೇ ಅದೃಷ್ಟ. ಎಟಿಎಂ ಕೆಲಸ ಲೇಹ್‌ನಲ್ಲೇ ಮುಗಿಸಿ. ಗೊಂಪಾಗಳ ಪ್ರವೇಶಕ್ಕೆ ಚಿಲ್ಲರೆ ಇರಲಿ.

ಟ್ಯಾಕ್ಸಿ ದರ ಲೇಹ್ ಟ್ಯಾಕ್ಸಿ ಯೂನಿಯನ್ ನಿಗದಿ ಮಾಡಿದ್ದು, ಅಚ್ಚಾದ ಪಟ್ಟಿಯೇ ಸಿಗುತ್ತದೆ. ದರ ಇಡೀ ಗಾಡಿಗೆ, ತಲೆಗೆ ಅಲ್ಲ. ಆದ್ದರಿಂದ ನಾಲ್ಕೈದು ಜನ ಸೇರಿದರೆ ಹಗುರ. ಬೈಕಿನವರಿಗೆ ಒಂದು ಎಚ್ಚರಿಕೆ: ಮನಾಲಿಯಲ್ಲೋ ಚಂಡೀಗಢದಲ್ಲೋ ಬಾಡಿಗೆಗೆ ತೆಗೆದ ಬೈಕನ್ನು ನುಬ್ರಾ, ಪ್ಯಾಂಗಾಂಗ್ ಕಡೆ ಓಡಿಸಲು ಬಿಡುವುದಿಲ್ಲ. ಲೇಹ್‌ನಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಸ್ವಂತ ಬೈಕಾದರೆ ಅಡ್ಡಿಯಿಲ್ಲ.

ಹಂತ 4: ಬ್ಯಾಗು

ಬೆಂಗಳೂರಿನ ಡಿಸೆಂಬರ್ ಸ್ವೆಟರ್ ಸಾಲದು. ಒಂದು ದಪ್ಪ ಜಾಕೆಟ್‌ಗಿಂತ ಮೂರು ಪದರ ವಾಸಿ: ಒಳಗೆ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಬಿಸಿಲಿಗೆ ಕನ್ನಡಕ, ಟೋಪಿ, ಸನ್‌ಸ್ಕ್ರೀನ್, ತುಟಿಗೆ ಲಿಪ್ ಬಾಮ್. ಸಣ್ಣ ಟಾರ್ಚ್ ಮರೆಯಬೇಡಿ, ಗೊಂಪಾದೊಳಗೂ ಬೇಕು. ಸ್ವಂತ ನೀರಿನ ಬಾಟಲಿ ಇರಲಿ, ಅಲ್ಲಿನ ಪ್ಲಾಸ್ಟಿಕ್ ಕಸಕ್ಕೆ ನಮ್ಮದೂ ಸೇರುವುದು ಬೇಡ.

ಊಟದ ಚಿಂತೆ ಬೇಡ, ಅನ್ನ ದಾಲ್ ಎಲ್ಲ ಕಡೆ ಸಿಗುತ್ತದೆ. ಆದರೆ ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದ ಕಡೆ ಅನ್ನ ಅಗುಳು ಅಗುಳಾಗಿ ಗಟ್ಟಿಯೇ ಉಳಿಯುತ್ತದೆ. ಚಟ್ನಿಪುಡಿ, ಗೊಜ್ಜವಲಕ್ಕಿ ಪ್ಯಾಕೆಟ್ ಇದ್ದರೆ ಹಸಿವಿಲ್ಲದ ದಿನ ಕೈ ಹಿಡಿಯುತ್ತದೆ. ಅಲ್ಲಿಯದೇ ರುಚಿ ನೋಡುವ ಮನಸ್ಸಿದ್ದರೆ ಥುಕ್ಪಾ, ಅಂದರೆ ನೂಡಲ್ಸ್ ಹಾಕಿದ ಬಿಸಿ ಸಾರು, ಮತ್ತು ಖಂಬೀರ್ ಅನ್ನುವ ದಪ್ಪ ರೊಟ್ಟಿ. ಸಸ್ಯಾಹಾರಿಗಳು ಥುಕ್ಪಾ ಹೇಳುವ ಮೊದಲು ಸಾರು ಯಾವುದರದ್ದು ಅಂತ ಕೇಳಿ.

ಹಂತ 5: ಮೊದಲ ಎರಡು ದಿನ (ಎರಡು ರಾತ್ರಿ ಲೇಹ್, 3,500 ಮೀ.)

ಏನೂ ಮಾಡಬೇಡಿ. ತಮಾಷೆಗೆ ಹೇಳುತ್ತಿಲ್ಲ. ಇಳಿದ ದಿನ ನಿಮಗೆ ಚೆನ್ನಾಗಿಯೇ ಅನಿಸುತ್ತದೆ, ಮೋಸ ಇರುವುದೇ ಅಲ್ಲಿ. ತಲೆನೋವು ಸಾಮಾನ್ಯವಾಗಿ ಆರೇಳು ಗಂಟೆ ಕಳೆದ ಮೇಲೆ, ಎಷ್ಟೋ ಸಲ ಮೊದಲ ರಾತ್ರಿ ಬರುತ್ತದೆ. ರೂಮಿಗೆ ಹೋಗಿ, ಮಲಗಿ, ನೀರು ಕುಡಿಯಿರಿ, ಹಗುರ ಊಟ ಮಾಡಿ. ಮದ್ಯ ಬೇಡ. ಬ್ಯಾಗನ್ನು ಗೆಸ್ಟ್‌ಹೌಸಿನ ಹುಡುಗ ಎತ್ತಲಿ, ನಾಚಿಕೆ ಬೇಡ.

ಎರಡನೇ ದಿನ ಸಂಜೆ ಪೇಟೆಯಲ್ಲಿ ಒಂದು ಸುತ್ತು. ಗಾಡಿಯಲ್ಲೇ ಶಾಂತಿ ಸ್ತೂಪದವರೆಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ ಬನ್ನಿ. ಕೆಳಗಿನಿಂದ ಹತ್ತುವ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳ ಉಸಾಬರಿ ಬೇಡ.

ಈ ಎರಡು ದಿನ ಒಬ್ಬರನ್ನೊಬ್ಬರು ಗಮನಿಸಿ. ಸುಮ್ನೆ ತಲೆನೋವಾದರೆ ವಿಶ್ರಾಂತಿ, ನೀರು, ಮತ್ತು ಅದು ಹೋಗುವವರೆಗೆ ಇನ್ನೂ ಮೇಲಕ್ಕೆ ಹೋಗದಿರುವುದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಮಾತು ತೊದಲುವುದು, ಇವು ಬೇರೆ ವಿಷಯ. ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ತೋರಿಸಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಹೇಳಿ. ಓಲಾಡಿದರೆ ತಡಮಾಡಬೇಡಿ. ಶ್ವಾಸಕೋಶದಲ್ಲೋ ಮೆದುಳಿನಲ್ಲೋ ನೀರು ತುಂಬುತ್ತಿರಬಹುದು. ಲೇಹ್‌ನಲ್ಲಿ ಎಸ್‌ಎನ್‌ಎಂ ಆಸ್ಪತ್ರೆ ಇದೆ, ಅಲ್ಲಿಯ ಡಾಕ್ಟರುಗಳಿಗೆ ಇದು ದಿನನಿತ್ಯದ ಕೆಲಸ. ಲೇಹ್‌ನಿಂದ ಆಚೆ ಇದ್ದರೆ ರಾತ್ರಿಯಾದರೂ ಸರಿ, ಕೆಳಗಿಳಿಯಿರಿ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಸಣ್ಣ ಡಬ್ಬ ನಾಲ್ಕು ನಿಮಿಷದ ಸಮಾಧಾನ ಅಷ್ಟೇ.

ಹಂತ 6: ಮೂರನೇ ದಿನ, ಆಲ್ಚಿ (ರಾತ್ರಿ ಮತ್ತೆ ಲೇಹ್)

ಎಲ್ಲರೂ ಈ ದಿನವೇ ಖಾರ್ದುಂಗ್ ಲಾ ಹತ್ತುತ್ತಾರೆ. ನೀವು ಉಲ್ಟಾ ದಿಕ್ಕಿಗೆ, ಸಿಂಧೂ ನದಿಯ ಜೊತೆ ಪಶ್ಚಿಮಕ್ಕೆ ಇಳಿಯಿರಿ. ನಿಮ್ಮೂ ಅನ್ನುವ ಹಳ್ಳಿಯ ಹತ್ತಿರ ಜನ್‌ಸ್ಕಾರ್ ನದಿ ಬಂದು ಸಿಂಧೂವನ್ನು ಸೇರುತ್ತದೆ. ಎರಡು ಬಣ್ಣದ ನೀರು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿಯುವುದು ರಸ್ತೆಯಿಂದಲೇ ಕಾಣುತ್ತದೆ. ದಾರಿಯಲ್ಲಿ ಸಿಗುವ ಮ್ಯಾಗ್ನೆಟಿಕ್ ಹಿಲ್ ಕಣ್ಣಿನ ಭ್ರಮೆ, ಅಲ್ಲಿ ಆಯಸ್ಕಾಂತ ಗೀಯಸ್ಕಾಂತ ಏನೂ ಇಲ್ಲ. ಐದು ನಿಮಿಷ ಸಾಕು.

ಆಲ್ಚಿಗೆ ಎರಡು ಗಂಟೆ ಕೊಡಿ. ಲಡಾಖಿನ ಹೆಚ್ಚಿನ ಗೊಂಪಾಗಳು ಗುಡ್ಡದ ನೆತ್ತಿಯಲ್ಲಿದ್ದರೆ ಇದು ಹಳ್ಳಿಯ ನಡುವೆ, ಜರ್ದಾಲು (ಏಪ್ರಿಕಾಟ್) ಮರಗಳ ಮಗ್ಗುಲಲ್ಲಿ ಕೂತಿದೆ. ಹೊರಗಿನಿಂದ ನೋಡಿದರೆ ಮಣ್ಣಿನ ಮನೆಯಂತೆ ಸಾದಾ. ಒಳಗಿರುವುದು ಸುಮಾರು 800-900 ವರ್ಷ ಹಳೆಯ, ಕಾಶ್ಮೀರಿ ಶೈಲಿಯ ಚಿತ್ರಗಳು. ಅಂಥವು ಕಾಶ್ಮೀರದಲ್ಲೇ ಈಗ ಉಳಿದಿಲ್ಲ. ಸುಮ್ತ್ಸೆಕ್ ಅನ್ನುವ ಮೂರಂತಸ್ತಿನ ಗುಡಿಯಲ್ಲಿ ಮೂರು ಬೋಧಿಸತ್ವರು, ಅಂದರೆ ಬುದ್ಧರಾಗುವ ಹಾದಿಯಲ್ಲಿರುವವರು, ಮೂರ್ತಿಗಳಾಗಿ ನಿಂತಿದ್ದಾರೆ. ಕತ್ತೆತ್ತಿದರೆ ಅವರ ತಲೆ ಮೇಲಿನ ಮಹಡಿಯಲ್ಲಿ ಮರೆಯಾಗಿರುತ್ತದೆ. ಹೆಚ್ಚಿನವರು ಮೇಲೆ ನೋಡಿ ಹೊರಟುಬಿಡುತ್ತಾರೆ. ನೀವು ಅವರು ಉಟ್ಟ ಪಂಚೆ ನೋಡಿ. ಒಬ್ಬರ ಪಂಚೆಯ ಮೇಲೆ ಅರಮನೆ, ಗುಡಿ, ಕುದುರೆ ಏರಿದವರು. ಇನ್ನೊಬ್ಬರದ್ದರ ಮೇಲೆ ಬುದ್ಧನ ಜೀವನ ಕಥೆ. ಮೂರನೆಯದರ ಮೇಲೆ 84 ಸಿದ್ಧರು. ಕಣ್ಣು ಕತ್ತಲೆಗೆ ಹೊಂದಲು ಎರಡು ನಿಮಿಷ ಬೇಕು. ಫೋಟೋ ತೆಗೆಯುವಂತಿಲ್ಲ, ಟಾರ್ಚನ್ನೂ ಅಲ್ಲಿರುವ ಭಿಕ್ಷುವನ್ನು ಕೇಳಿಯೇ ಹಚ್ಚಿ.

ಸಮಯ ಉಳಿದರೆ ವಾಪಸ್ ಬರುವಾಗ ಲಿಕಿರ್ ಗೊಂಪಾ. ಲಾಮಾಯೂರು ಗೊಂಪಾ ಲೇಹ್‌ನಿಂದ 120 ಕಿಲೋಮೀಟರಿಗೂ ಮೇಲೆ ಇದೆ, ಒಂದೇ ದಿನಕ್ಕೆ ತುರುಕಿದರೆ ಎಲ್ಲವೂ ಓಟವಾಗುತ್ತದೆ.

ಹಂತ 7: ನಾಲ್ಕನೇ ದಿನ, ನುಬ್ರಾ (ರಾತ್ರಿ ಹುಂಡರ್, ಸುಮಾರು 3,100 ಮೀ.)

ಖಾರ್ದುಂಗ್ ಲಾ ದಾಟುವ ದಿನ. ಅಲ್ಲಿಯ ಹಳೆಯ ಬೋರ್ಡು 18,380 ಅಡಿ ಅನ್ನುತ್ತದೆ. ಅಳತೆ ಮಾಡಿದವರ ಲೆಕ್ಕ ಸುಮಾರು 17,580 ಅಡಿ, ಅಂದರೆ 5,359 ಮೀಟರ್. ಪ್ರಪಂಚದ ಅತಿ ಎತ್ತರದ ರಸ್ತೆ ಅನ್ನುವ ಮಾತೂ ಈಗ ಹಳೆಯದು, ಲಡಾಖಿನದೇ ಉಮ್ಲಿಂಗ್ ಲಾ ಅದಕ್ಕಿಂತ ಮೇಲಿದೆ. ಬೋರ್ಡಿನ ಮುಂದೆ ಫೋಟೋಕ್ಕೆ ಸಾಲು ನಿಲ್ಲುವವರು ಇದನ್ನೆಲ್ಲ ಕೇಳಿಸಿಕೊಳ್ಳುವುದಿಲ್ಲ, ಬಿಡಿ.

ಮೇಲೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ, ಓಡಬೇಡಿ. ಬ್ಯಾಗಿನಲ್ಲಿರುವ ಚಿಪ್ಸ್ ಪ್ಯಾಕೆಟ್ ತೆಗೆದು ನೋಡಿ, ದಿಂಬಿನಂತೆ ಊದಿಕೊಂಡಿರುತ್ತದೆ. ಹೊರಗಿನ ಒತ್ತಡ ಎಷ್ಟು ಇಳಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಆಚೆ ಇಳಿದರೆ ಶ್ಯೋಕ್ ಕಣಿವೆ. ಲೇಹ್‌ಗಿಂತ ತಗ್ಗು, ಹಾಗಾಗಿ ಎತ್ತರದ ಘಾಟಿ ದಾಟಿದ ಮೇಲೂ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಡಿಸ್ಕಿಟ್ ಗೊಂಪಾ 14ನೇ ಶತಮಾನದ್ದು. ಅದರ ಕೆಳಗಿನ ಗುಡ್ಡದ ಮೇಲೆ 32 ಮೀಟರ್ ಎತ್ತರದ ಮೈತ್ರೇಯ ಬುದ್ಧ, ಅಂದರೆ ಇನ್ನು ಮುಂದೆ ಬರಲಿರುವ ಬುದ್ಧ, ಶ್ಯೋಕ್ ನದಿಯ ಕಡೆ ಮುಖ ಮಾಡಿ ಕೂತಿದ್ದಾನೆ. ಹುಂಡರ್‌ನಲ್ಲಿ ಮರಳ ದಿಬ್ಬ, ಎರಡು ಡುಬ್ಬದ ಒಂಟೆ. ಸಂಜೆ ನೋಡಿ, ಸವಾರಿ ಮಾಡಲೇಬೇಕು ಅಂತೇನಿಲ್ಲ.

ಹಂತ 8: ಐದನೇ ದಿನ, ಪ್ಯಾಂಗಾಂಗ್ (ಈ ಪ್ರವಾಸದ ಅತಿ ಎತ್ತರದ ಹಾಸಿಗೆ, 4,200 ಮೀಟರಿಗೂ ಮೇಲೆ)

ನುಬ್ರಾದಿಂದ ಲೇಹ್‌ಗೆ ಮರಳದೆ ಶ್ಯೋಕ್ ನದಿಯ ದಾರಿಯಲ್ಲೇ ನೇರ ಹೋಗಬಹುದು. ಬೆಳಿಗ್ಗೆ ಏಳಕ್ಕೆಲ್ಲ ಹೊರಡಿ. ಬಿಸಿಲೇರಿದಂತೆ ಮೇಲೆ ಹಿಮ ಕರಗುತ್ತದೆ. ಬೆಳಿಗ್ಗೆ ಪಾದ ಮುಳುಗದ ತೊರೆ ಮಧ್ಯಾಹ್ನದ ಮೇಲೆ ರಸ್ತೆ ಕೊಚ್ಚುವಷ್ಟಾಗುತ್ತದೆ. ಹೊರಡುವ ಹಿಂದಿನ ರಾತ್ರಿ ರಸ್ತೆ ತೆರೆದಿದೆಯಾ ಅಂತ ಡ್ರೈವರನ್ನು ಕೇಳಿ. ಅವರು ಬೇಡ ಅಂದರೆ ಬೇಡ.

ಸರೋವರ 134 ಕಿಲೋಮೀಟರ್ ಉದ್ದ, ಅದರ ದೊಡ್ಡ ಭಾಗ ಗಡಿಯ ಆಚೆಗಿದೆ. ನೀರು ಸ್ವಲ್ಪ ಉಪ್ಪು, ಆದರೂ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಒಂದು ಹಿಂದಿ ಸಿನಿಮಾ ಬಂದ ಮೇಲೆ ಹಳದಿ ಸ್ಕೂಟರ್ ಇಟ್ಟುಕೊಂಡು ಫೋಟೋಕ್ಕೆ ಕಾಸು ಕೇಳುವವರ ಜಾತ್ರೆಯೇ ಇದೆ. ಅಲ್ಲಿ ನಿಲ್ಲದೆ ದಡದ ಉದ್ದಕ್ಕೂ ಮುಂದೆ ಮಾನ್, ಮೇರಕ್ ಹಳ್ಳಿಗಳ ಕಡೆ ಹೋಗಿ. ನೀರಿನ ಬಣ್ಣ ಮೋಡಕ್ಕೆ ತಕ್ಕಂತೆ ಬದಲಾಗುವುದನ್ನು ಕೂತು ನೋಡಲು ಅಲ್ಲಿ ಜಾಗವಿದೆ. ಗಾಡಿಯನ್ನು ನೀರಿಗೆ ಇಳಿಸಬೇಡಿ, ದಂಡ ಬೀಳುತ್ತದೆ. ದಾರಿಯಲ್ಲಿ ದಪ್ಪ ಅಳಿಲಿನಂತಿರುವ ಮಾರ್ಮಟ್ ಕಂಡರೆ ಬಿಸ್ಕತ್ತು ಹಾಕಬೇಡಿ.

ಇಲ್ಲಿ ಒಂದೇ ರಾತ್ರಿ. ಮೊದಲ ಮೂರು ದಿನ ಯಾರಿಗಾದರೂ ತಲೆನೋವು ಕಾಡಿದ್ದರೆ, ಜೊತೆಗೆ ಮಕ್ಕಳು ವಯಸ್ಸಾದವರು ಇದ್ದರೆ, ಸರೋವರದ ಹತ್ತಿರ ಮಲಗಲೇಬೇಕೆಂಬ ಹಟ ಬಿಡಿ. ಹಗಲು ನೋಡಿಕೊಂಡು ಅದಕ್ಕಿಂತ ತಗ್ಗಿನಲ್ಲಿರುವ ತಾಂಗ್ತ್ಸೆಗೆ ಬಂದು ಉಳಿಯಿರಿ. ಟೆಂಟಿನಲ್ಲಿ ನಕ್ಷತ್ರ ಚೆನ್ನಾಗಿ ಕಾಣುತ್ತವೆ ನಿಜ, ನಿದ್ದೆ ಮಾತ್ರ ಕಲ್ಲುಮಣ್ಣಿನ ಮನೆಯಲ್ಲೇ ಚೆನ್ನಾಗಿ ಬರುವುದು.

"ಇಷ್ಟು ದೂರ ಬಂದು ಹಾನ್ಲೆ ಬಿಡೋದಾ?" ಅಂತ ಕೇಳುವವರಿದ್ದಾರೆ. ಬಿಡಿ. ಅದು 4,500 ಮೀಟರ್ ಎತ್ತರ, ಇನ್ನೂ ಎರಡು ದಿನ ಬೇಡುವ ಜಾಗ. ಅಲ್ಲಿಯ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಅದನ್ನು ಉಪಗ್ರಹದ ಮೂಲಕ ತಿರುಗಿಸುವ ಕೇಂದ್ರ ಇರುವುದು ನಮ್ಮ ಹೊಸಕೋಟೆಯಲ್ಲಿ!

ಹಂತ 9: ಆರನೇ ದಿನ ವಾಪಸ್, ಏಳನೇ ದಿನ ಥಿಕ್ಸೆ

ಚಾಂಗ್ ಲಾ ದಾಟಿ ಕಾರೂ ಅನ್ನುವ ಊರಿನ ಕಡೆ ಇಳಿಯಿರಿ. ಈ ಘಾಟಿಯೂ 5,300 ಮೀಟರಿನ ಮೇಲೆ, ನಿಯಮ ಅದೇ ಹದಿನೈದು ನಿಮಿಷ. ಆ ರಾತ್ರಿ ಲೇಹ್‌ವರೆಗೆ ಹೋಗದೆ ಥಿಕ್ಸೆಯ ಆಸುಪಾಸು ಉಳಿಯಿರಿ. ಬೆಳಗಿನ ಪೂಜೆ ಎಷ್ಟು ಹೊತ್ತಿಗೆ ಅಂತ ಸಂಜೆಯೇ ಗೊಂಪಾದಲ್ಲಿ ಕೇಳಿಕೊಳ್ಳಿ, ನಸುಕಿಗೇ ಹೋಗಬೇಕಾಗುತ್ತದೆ.

ಒಳಗೆ ಹೋಗುವಾಗ ಚಪ್ಪಲಿ, ಟೋಪಿ ತೆಗೆಯಿರಿ. ಪ್ರಾರ್ಥನಾ ಚಕ್ರವನ್ನು ನಮ್ಮ ಪ್ರದಕ್ಷಿಣೆಯ ದಿಕ್ಕಿಗೇ ತಿರುಗಿಸಿ. ದುಖಾಂಗ್, ಅಂದರೆ ಭಿಕ್ಷುಗಳು ಸೇರುವ ಸಭಾಮಂಟಪದಲ್ಲಿ, ಗೋಡೆ ಬದಿಗೆ ಕೂತುಕೊಳ್ಳಿ. ಕಾಲು ಮೂರ್ತಿಯ ಕಡೆ ಚಾಚಬೇಡಿ. ಮಂತ್ರದ ನಡುವೆ ಎದ್ದು ಫೋನ್ ಹಿಡಿದು ಓಡಾಡುವವರಲ್ಲಿ ನೀವು ಒಬ್ಬರಾಗಬೇಡಿ. ಪುಟ್ಟ ಭಿಕ್ಷುಗಳು ಕೆಟಲ್ ಹಿಡಿದು ಬರುತ್ತಾರೆ. ಅದು ಗುರ್‌ಗುರ್ ಚಾ, ಉಪ್ಪು ಬೆಣ್ಣೆ ಹಾಕಿ ಕಡೆದ ಟೀ. ಟೀ ಅಂದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ, ಸಾರು ಅಂದುಕೊಂಡರೆ ಹಿಡಿಸುತ್ತದೆ. ಒಂದು ಗುಟುಕು ಕುಡಿದರೂ ಲೋಟ ಮತ್ತೆ ತುಂಬಿಸುತ್ತಾರೆ. ಸಾಕೆನಿಸಿದರೆ ತುಂಬಿದ ಲೋಟವನ್ನು ಹಾಗೇ ಇಟ್ಟುಕೊಂಡು, ಏಳುವ ಮುಂಚೆ ಕುಡಿದು ಮುಗಿಸಿ.

ಪಕ್ಕದ ಗುಡಿಯಲ್ಲಿ ಎರಡು ಅಂತಸ್ತು ಎತ್ತರದ ಮೈತ್ರೇಯನಿದ್ದಾನೆ. ಬಾಗಿಲು ಇರುವುದು ಮೇಲಿನ ಅಂತಸ್ತಿನಲ್ಲಿ, ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಮುಖ. ಪಾದ ಕಾಣುವುದಿಲ್ಲ.

ಭಿಕ್ಷುಗಳು ಬಿಡುವಾಗಿದ್ದರೆ ಮಾತಾಡಿಸಿ. ಲಡಾಖಿನ ಎಷ್ಟೋ ಜನ ಭಿಕ್ಷುಗಳು ಓದಿದ್ದು ಬೈಲುಕುಪ್ಪೆ ಮತ್ತು ಮುಂಡಗೋಡಿನ ಮಠಗಳಲ್ಲಿ. ಕರ್ನಾಟಕದಿಂದ ಬಂದಿದ್ದೇವೆ ಅಂದರೆ ಮುಖ ಅರಳುತ್ತದೆ. ಮುಚ್ಚಿದ ಬಾಗಿಲೊಂದು ತೆರೆದರೂ ತೆರೆಯಬಹುದು.

ಆಮೇಲೆ ಶೇ ಅರಮನೆ ಹತ್ತಿರವೇ ಇದೆ. ಹೆಮಿಸ್ ಗೊಂಪಾಕ್ಕೆ ಹೋಗುವ ಮನಸ್ಸಿದ್ದರೆ ಕಾರೂ ಕಡೆ ಮತ್ತೆ ಹಿಂದಕ್ಕೆ ಹೋಗಬೇಕು. ಜೂನ್ ಕೊನೆ ಅಥವಾ ಜುಲೈನಲ್ಲಿ ಅಲ್ಲಿ ಎರಡು ದಿನ ಮುಖವಾಡದ ಕುಣಿತದ ಹಬ್ಬ ನಡೆಯುತ್ತದೆ. ತಾರೀಖು ಟಿಬೆಟಿಯನ್ ಪಂಚಾಂಗದ್ದು, ವರ್ಷ ವರ್ಷ ಬದಲಾಗುತ್ತದೆ. ನಿಮ್ಮ ವಾರಕ್ಕೆ ಅದು ಬಿದ್ದರೆ ಶೇ ಬಿಟ್ಟು ಹೆಮಿಸ್‌ಗೇ ಹೋಗಿ.

ಸಂಜೆ ಲೇಹ್‌ಗೆ ಬಂದು ಒಣ ಜರ್ದಾಲು ಕೊಳ್ಳಿ. ಕೊಳ್ಳುವ ಮುಂಚೆ ಒಂದು ಬಾಯಿಗೆ ಹಾಕಿ ನೋಡಿ, ಸಿಹಿಯಲ್ಲೂ ಹುಳಿಯಲ್ಲೂ ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಬಹಳ. ಪವರ್ ಬ್ಯಾಂಕ್ ಕೈಚೀಲಕ್ಕೆ ಹಾಕಿ, ಚೆಕ್-ಇನ್ ಬ್ಯಾಗಿಗಲ್ಲ. ಬೆಳಿಗ್ಗೆ ವಿಮಾನಕ್ಕೆ ಎರಡು ಗಂಟೆ ಮೊದಲೇ ಏರ್‌ಪೋರ್ಟಿನಲ್ಲಿರಿ, ತಪಾಸಣೆಯ ಸಾಲು ಉದ್ದ ಇರುತ್ತದೆ.